ಕತ್ತರಿ ಹಿಡಿದ ದೊಡ್ಡಮ್ಮ

ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ದೊಡ್ಡಮ್ಮ ಕತ್ತರಿಯನ್ನು ಸೆರಗಿನಲ್ಲಿ ಒರೆಸಿ, ದೇವರನ್ನು ನೆನೆದು, ಮನೆಮಂದಿಯ ಫೋಟೋಗಳನ್ನು ಊಟದ ಮೇಜಿನ ಮೇಲೆ ಹರಡಿಕೊಳ್ಳುವುದು ಒಂದು ದಿನವೂ ತಪ್ಪಿದ್ದಿಲ್ಲ. ಹಳೆಯ ಫೋಟೋ ಕತ್ತರಿಸಿ, ಬಣ್ಣದ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಎರಡು ಸಾಲು ಬರೆದು ಆಲ್ಬಂ ಮಾಡುವ ಹುಚ್ಚು ಹೊಸದಾಗಿ ಹತ್ತಿದೆ. ಸದ್ಯಕ್ಕೆ ಅಂಟಿಸಿದ್ದಕ್ಕಿಂತ ಕತ್ತರಿಸಿದ್ದೇ ಹೆಚ್ಚು. "ಭಾವನ ಹೊಟ್ಟೆಗೇ ಅರ್ಧ ಪುಟ ಬೇಕಲ್ಲ" ಎನ್ನುತ್ತ, ಡಾಕ್ಟರ ಕೈಲೂ ಆಗದಷ್ಟು ಅವರನ್ನು ಸಣ್ಣ ಮಾಡುತ್ತಾಳೆ. ಮದುವೆಯಲ್ಲಿ ಮುಖ ಗಂಟಿಕ್ಕಿಕೊಂಡಿದ್ದ ನಾದಿನಿಯ ಮೇಲೆ ಕಾಗದದ ಹೂವು ಕೂರುತ್ತದೆ. ಗಂಡ ಇಣುಕಿದರೆ, "ಸುಮ್ನೆ ಹೋಗ್ರೀ, ನಿಮ್ಮ ಕಿವಿ ಇನ್ನೂ ಪುಟದ ಹೊರಗಿದೆ" ಎಂಬ ಬೆದರಿಕೆ. ಆದರೆ ಒಂದು ಚೂರನ್ನೂ ಎಸೆಯುವುದಿಲ್ಲ. ಬಿಸ್ಕತ್ತಿನ ಡಬ್ಬಿಯ ತುಂಬ ನೆಂಟರ ಮೊಣಕೈ, ಹೊಟ್ಟೆ, ಚಪ್ಪಲಿ. ಅದಕ್ಕೆ ಕಾರಣವಿದೆ. ಶುರುಮಾಡಿದ ದಿನ, ತಾನು ಮಗುವಾಗಿದ್ದಾಗಿನ ಫೋಟೋದ ಅಂಚಿನಲ್ಲಿದ್ದ ಕೈಯೊಂದನ್ನು ಅಡ್ಡವೆಂದು ಕತ್ತರಿಸಿ ಕಸಕ್ಕೆ ಹಾಕಿದ್ದಳು. ಅದು ತಾನು ಬೀಳದಂತೆ ಹಿಡಿದಿದ್ದ ಅಮ್ಮನ ಕೈಯೆಂದು ಆಮೇಲೆ ಹೊಳೆಯಿತು; ಅಮ್ಮ ಬೇರೆ ಯಾವ ಫೋಟೋದಲ್ಲೂ ಇಲ್ಲ. ಬುಟ್ಟಿ ಮಗುಚಿ, ಹುಡುಕಿ, ಒರೆಸಿ, ಮತ್ತೆ ಮಗುವಿನ ಸೊಂಟಕ್ಕೆ ಸೇರಿಸಿ ಮೊದಲ ಪುಟದಲ್ಲಿ ಅಂಟಿಸಿದ್ದಾಳೆ. ಅದನ್ನು ಕಂಡ ಸೊಸೆ, "ಅತ್ತೆ, ಸ್ಟುಡಿಯೋದವರು ನಿಮ್ಮ ಮುಖ ನೋಡಿ ನಿಮ್ಮಮ್ಮನ ಮುಖ ಮಾಡಿಕೊಡ್ತಾರೆ. ನಾನೇ ಮಾಡಿಸ್ಕೊಂಡು ಬರಲಾ?" ಎಂದಳು. ದೊಡ್ಡಮ್ಮ ಆ ಕೈಯ ಮೇಲೆ ಬೆರಳಿಟ್ಟಳು. "ಬೇಡಮ್ಮ. ಯಾರದೋ ಮುಖ ತಂದು ಅಂಟಿಸಿದ್ರೆ, ಈ ಕೈಯೇ ನನ್ನ ಕೆನ್ನೆಗೊಂದು ಬಿಟ್ಟೀತು."