ಸ್ವೆಟರಿನೊಳಗಿನ ಮಂಜುಗಡ್ಡೆ

ಒಂದನೇ ತರಗತಿಯ ಆ ಶಿಕ್ಷಕಿಯನ್ನು ಶಾಲೆಯಲ್ಲಿ ಎಲ್ಲರೂ ‘ನೋಡೋಣ ಟೀಚರ್’ ಎಂದೇ ಕರೆಯುತ್ತಿದ್ದರು. ಇರುವೆ ಉಪ್ಪು ತಿನ್ನುತ್ತದೆಯೇ? ನೋಡೋಣ. ನೆರಳಿಗೆ ಬಣ್ಣವಿದೆಯೇ? ನೋಡೋಣ. ಹೀಗೆಂದ ಕೂಡಲೇ ಕಿಟಕಿಯ ಪಕ್ಕದ ಮೇಜಿನ ಮೇಲೆ ಏನಾದರೊಂದು ಪರೀಕ್ಷೆ ಶುರುವಾಗುತ್ತಿತ್ತು. ಆ ಮೇಜಿಗೆ ಕಟ್ಟುನಿಟ್ಟಾದ ನಿಯಮವಿತ್ತು. ಮೊದಲು ಎಲ್ಲರೂ ತಮ್ಮ ಊಹೆಯನ್ನು ಹೇಳಬೇಕು. ಆಮೇಲಿನ ಕೆಲಸವೆಲ್ಲ ಮಕ್ಕಳದು. ದೊಡ್ಡವರು ಕೈ ಹಾಕುವಂತಿಲ್ಲ, ಟೀಚರೂ ಕೂಡ.

ಇದು ಕೆಲವು ಪೋಷಕರಿಗೆ ಹಿಡಿಸಲಿಲ್ಲ. ಒಬ್ಬ ಹುಡುಗಿಯ ತಂದೆ, ವೃತ್ತಿಯಿಂದ ದರ್ಜಿ, ಮುಖ್ಯೋಪಾಧ್ಯಾಯಿನಿಯ ಬಳಿ ಬಂದು, “ಉತ್ತರ ಗೊತ್ತಿದ್ದೂ ಹೇಳದೆ ಇರೋರು ಎಂಥ ಟೀಚರು?” ಎಂದು ದೂರಿದರು.

ಮುಖ್ಯೋಪಾಧ್ಯಾಯಿನಿ ಟೀಚರನ್ನು ಕರೆಸಿದರು. “ಶನಿವಾರ ಪೋಷಕರ ಮುಂದೆ ಒಂದು ಪಾಠ ಮಾಡಿ. ಅವರಿಗೆ ಸರಿಬರದಿದ್ರೆ ಮುಂದಿನ ವರ್ಷ ನೀವು ದೊಡ್ಡ ಮಕ್ಕಳಿಗೆ ಲೆಕ್ಕ ತಗೊಳ್ಳಿ.”

ಪುಟಾಣಿಗಳ ಆ ಕೊಠಡಿಯೇ ಟೀಚರ ಜೀವವಾಗಿತ್ತು.

ಶನಿವಾರ ಪೋಷಕರು ಚಿಕ್ಕ ಬೆಂಚುಗಳಲ್ಲಿ ಮಂಡಿ ಮಡಿಸಿಕೊಂಡು ಕುಳಿತರು, ಮುಖ್ಯೋಪಾಧ್ಯಾಯಿನಿ ಹಿಂದೆ ನಿಂತರು. ಎರಡು ಮಂಜುಗಡ್ಡೆ ಚೂರುಗಳಲ್ಲಿ ಒಂದು ತಟ್ಟೆಗೆ, ಇನ್ನೊಂದು ಉಣ್ಣೆಯ ಸ್ವೆಟರಿನೊಳಕ್ಕೆ. ಯಾವುದು ಮೊದಲು ಕರಗುತ್ತದೆ? ಸ್ವೆಟರಿನದು ಎಂದರು ಮಕ್ಕಳು. ತಟ್ಟೆಯದು ಎಂದರು ಟೀಚರು. ದರ್ಜಿಯ ಮಗಳು ಮುತುವರ್ಜಿಯಿಂದ ಸುತ್ತಿಟ್ಟಳು.

ಸ್ವಲ್ಪ ಹೊತ್ತಿನ ಮೇಲೆ ಬಿಡಿಸಿದರೆ ಸ್ವೆಟರಿನಲ್ಲಿ ಬರೀ ತೇವ. ತಟ್ಟೆಯ ಗಡ್ಡೆ ಇನ್ನೂ ಇತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ದರ್ಜಿ ಪಕ್ಕದವರಿಗೆ, “ಇವರಿಗೇ ಗೊತ್ತಿಲ್ಲ, ನೋಡಿ” ಎಂದದ್ದು ಎಲ್ಲರಿಗೂ ಕೇಳಿಸಿತು.

ಟೀಚರು ಮಕ್ಕಳತ್ತ ತಿರುಗಿದರು. “ನನ್ನ ಊಹೆ ತಪ್ಪಾಯ್ತು. ಯಾಕಿರಬಹುದು?” ಎಂದು ಕೇಳಿದರು.

“ಸುತ್ತುವಾಗ್ಲೇ ಸ್ವೆಟರ್ ಬಿಸಿ ಇತ್ತು ಟೀಚರ್” ಎಂದಳು ದರ್ಜಿಯ ಮಗಳು.

“ಆಗಲೇ ಯಾಕಮ್ಮ ಹೇಳ್ಲಿಲ್ಲ?”

“ಸ್ವೆಟರ್ ಅಂದ್ಮೇಲೆ ಬಿಸಿ ಇರತ್ತಲ್ವಾ, ಅದಕ್ಕೆ ಸುಮ್ನಿದ್ದೆ.”

ಬಾಗಿಲಲ್ಲಿ ನಿಂತಿದ್ದ ಶಾಲೆಯ ಆಯಾ ಸೆರಗಿನ ತುದಿ ಹಿಂಡುತ್ತ, “ಒಗೆದ ಸ್ವೆಟರ್ ಒಣಗಿರ್ಲಿಲ್ಲಮ್ಮ. ದೊಡ್ಡೋರೆಲ್ಲ ಬರ್ತಾರೆ, ನಿಮ್ಮ ಮಾನ ಹೋಗ್ಬಾರ್ದು ಅಂತ ಒಲೆ ಪಕ್ಕ ಹರವಿ ಈಗಷ್ಟೇ ತಂದಿಟ್ಟೆ” ಎಂದಳು.

ಕೋಣೆಯೆಲ್ಲ ನಕ್ಕಿತು. ದರ್ಜಿಯ ಮಗಳು ಮಾತ್ರ ನಗಲಿಲ್ಲ. “ಹಾಗಾದ್ರೆ ಕರಗಿಸಿದ್ದು ಸ್ವೆಟರಾ, ಒಲೆನಾ? ತಣ್ಣಗಿರೋ ಸ್ವೆಟರಲ್ಲಿ ಇನ್ನೊಂದ್ಸಲ ಮಾಡ್ಬೇಕು.”

ಮನೆಗೆ ಹೋಗುವ ಗಂಟೆ ಹೊಡೆಯಿತು, ಒಬ್ಬರೂ ಏಳಲಿಲ್ಲ. ದರ್ಜಿ ಬೆಂಚಿನ ಮೇಲೆ ಕಳಚಿಟ್ಟಿದ್ದ ತಮ್ಮ ಸ್ವೆಟರನ್ನು ಮುಂದೆ ಚಾಚಿದರು. “ತಗೊಳ್ಳಿ, ತಣ್ಣಗಿದೆ. ಆದ್ರೂ ಇದರಲ್ಲೇ ಮೊದಲು ಕರಗೋದು. ಉಣ್ಣೆ ವಿಷಯ ನನಗೆ ಗೊತ್ತಿಲ್ವಾ? ಸುತ್ತೋದು ಹೀಗಲ್ಲ, ಕೊಡಿಲ್ಲಿ...”

“ಅಪ್ಪಾ, ಊಹೆ ಹೇಳಿ ಆಯ್ತಲ್ಲ. ಕೂತ್ಕೊ. ಕೈ ಹಾಕೋ ಹಾಗಿಲ್ಲ.”

ಅವರು ಕೈಕಟ್ಟಿ ಕುಳಿತರು. ಮಗಳು ಹೊಸ ಚೂರೊಂದನ್ನು ತಟ್ಟೆಗಿಟ್ಟು, ಇನ್ನೊಂದನ್ನು ಅಪ್ಪನ ಸ್ವೆಟರಿನಲ್ಲಿ ಸುತ್ತಿದಳು. ಈ ಸಲ ತಟ್ಟೆಯದು ನೀರಾಯಿತು. ಸ್ವೆಟರಿನೊಳಗೆ ಬೆರಳಿನ ಉಗುರಿನಷ್ಟು ಗಡ್ಡೆ ಉಳಿದಿತ್ತು. ದರ್ಜಿ ಅದನ್ನು ಮುಟ್ಟಿ ಮುಟ್ಟಿ ನೋಡಿದರು. “ಹಾಗಾದ್ರೆ ನಾನು ಹಾಕ್ಕೊಂಡಾಗ ಬೆಚ್ಚಗಾಗೋದು ಯಾರ ಬಿಸಿಯಿಂದ?” ಎಂದು ಮಗಳನ್ನೇ ಕೇಳಿದರು. ಅಪ್ಪ ಮಗಳ ವಾದ ಗೇಟು ದಾಟಿದರೂ ಕೇಳಿಸುತ್ತಿತ್ತು.

ಮುಖ್ಯೋಪಾಧ್ಯಾಯಿನಿ ಹೊರಡುವಾಗ ಹೇಳಿದ್ದು ಇಷ್ಟೇ: “ದೊಡ್ಡ ಮಕ್ಕಳ ಲೆಕ್ಕಕ್ಕೆ ಬೇರೆಯವರನ್ನ ಹುಡುಕ್ತೀನಿ.”

ನೆಲ ಒರೆಸಲು ಬಂದ ಆಯಾ ಮೆಲ್ಲಗೆ ಕೇಳಿದಳು, “ಅಲ್ಲಮ್ಮ, ಸ್ವೆಟರನ್ನ ಒದ್ದೆಯಾಗೇ ಇಟ್ಟಿದ್ರೆ ಏನಾಗ್ತಿತ್ತು?”

“ಸೋಮವಾರ ಬಂದು ಮಕ್ಕಳನ್ನೇ ಕೇಳಿ” ಎಂದು ಟೀಚರು ತಟ್ಟೆಯ ನೀರನ್ನು ಕಿಟಕಿಯಾಚೆ ಚೆಲ್ಲಿದರು.