ಬೂರುಗದ ದಿಂಬು

ಬಿಸಿಲಿಗೆ ಕಾದ ಬೂರುಗದ ಹತ್ತಿಗೆ ತನ್ನದೇ ಒಂದು ವಾಸನೆಯಿದೆ. ಸ್ವಲ್ಪ ಹುರಿದ ಎಳ್ಳು, ಸ್ವಲ್ಪ ಧೂಳು, ಸ್ವಲ್ಪ ಹಳೆಯ ಪೆಟ್ಟಿಗೆ. ಮೊನ್ನೆ ಚೆನ್ನೈನ ಶೋಳಿಂಗನಲ್ಲೂರಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ದಿಂಬು ಮಾರುವ ವ್ಯಾನೊಂದು ನಿಂತಿತ್ತು. ಕೊತ್ತಂಬರಿ ಸೊಪ್ಪು ತರಲೆಂದು ಇಳಿದಿದ್ದ ನನ್ನ ಮೂಗಿಗೆ ಆ ವಾಸನೆ ತಗುಲಿದ್ದೇ ತಡ, ಕೈ ತಾನಾಗಿ ತಲೆಗೆ ಹೋಯಿತು. ಅರವತ್ತರ ಹತ್ತಿರ ಬಂದ ಹೆಂಗಸು ರಸ್ತೆಯಲ್ಲಿ ನಿಂತು ಪರಪರ ತಲೆ ಕೆರೆದುಕೊಳ್ಳುವುದನ್ನು ನೋಡಿ ವ್ಯಾನಿನವನು ಏನೆಂದುಕೊಂಡನೋ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ; ಅದು ಬಂದೊಡನೆ ಈಗ ಇಲ್ಲದ ಮನೆಯೊಂದರ ಬಾಗಿಲು ತೆರೆದುಕೊಳ್ಳುತ್ತದೆ. ನನ್ನದು ಕೀಲ್ಪಾಕಿನ ಮನೆ. ಈಗ ಆ ಜಾಗದಲ್ಲಿ ಒಂದು ಸ್ಕ್ಯಾನಿಂಗ್ ಸೆಂಟರ್ ಇದೆ.

ಎಪ್ಪತ್ತರ ದಶಕದಲ್ಲಿ ಆ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ನಾವು ಬಾಡಿಗೆಗಿದ್ದೆವು: ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಮತ್ತೆ ನಾನು. ಅಜ್ಜಿ ಮೈಸೂರು ಕಡೆಯ ಹೊಳೆದಂಡೆಯ ಹಳ್ಳಿಯವಳು. ಅಪ್ಪ ಇನ್ನೂ ಮೊಲೆ ಕುಡಿಯುವ ಕೂಸಾಗಿದ್ದಾಗಲೇ ಗಂಡ ತೀರಿಕೊಂಡ. ಆ ಕಾಲದ ಪದ್ಧತಿಯಂತೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಅವಳನ್ನು ಮಡಿಗೆ ಕೂರಿಸಿದರು. ನಾನು ನೋಡುವಷ್ಟರಲ್ಲಿ ಮಡಿ ಅವಳ ಮೂಳೆಗೆ ಇಳಿದುಹೋಗಿತ್ತು. ಊಟದಲ್ಲಿ ಒಂದು ಕೂದಲೆಳೆ ಸಿಕ್ಕರೆ ಎಲೆಯನ್ನೇ ಎತ್ತಿಬಿಡುವಳು. ಬಾಚಣಿಗೆಗೆ ಸಿಕ್ಕ ಕೂದಲನ್ನು ಅಮ್ಮ ನೆಲಕ್ಕೆ ಬಿಟ್ಟಳೆಂದರೆ ಆ ದಿನವೆಲ್ಲ ಮನೆಯಲ್ಲಿ ಸಿಡಿಮಿಡಿ. ಆಗಾಗ ಬೆಳಿಗ್ಗೆ ಹಿತ್ತಲ ಮೆಟ್ಟಿಲಿಗೆ ಕ್ಷೌರದವನು ಬರುತ್ತಿದ್ದ. ಆಗ ನನ್ನನ್ನು ಮುಂದಿನ ಅಂಗಳಕ್ಕೆ ಅಟ್ಟುತ್ತಿದ್ದರು. ಅವನಿಗೂ ಅಜ್ಜಿಗೂ ಮಾತಿರಲಿಲ್ಲ. ಮಾತಾಡಲು ಭಾಷೆಯೇ ಇರಲಿಲ್ಲ ಅನ್ನಿ. ಮದ್ರಾಸಿಗೆ ಬಂದು ಅಷ್ಟು ವರ್ಷವಾದರೂ ಅಜ್ಜಿ ಒಂದೇ ಒಂದು ತಮಿಳು ಮಾತನ್ನು ಬಾಯಿಗೆ ಬಿಟ್ಟುಕೊಂಡವಳಲ್ಲ. ಸೊಪ್ಪಿನವಳ ಹತ್ತಿರವೂ ಕೈಸನ್ನೆಯಲ್ಲೇ ಚೌಕಾಸಿ ಮಾಡುತ್ತಿದ್ದಳು. ನಾನೋ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವ ಶಾಲೆಯ ಹುಡುಗಿ.

ಮಧ್ಯಾಹ್ನ ಊಟವಾಗಿ ಮಡಿ ಸಡಿಲವಾದ ಮೇಲೆ ಅಜ್ಜಿ ನನ್ನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುವಳು. ನನ್ನ ಕೂದಲು ಬಲು ತೆಳು. ಅಡ್ಯಾರಿನಲ್ಲಿದ್ದ ದೊಡ್ಡಮ್ಮ, ಎಂದರೆ ಅಮ್ಮನ ಅಕ್ಕ, ನನ್ನ ಜಡೆಯನ್ನು ಇಲಿಬಾಲ ಎಂದು ಛೇಡಿಸುತ್ತಿದ್ದಳು. ನಾನು ನಕ್ಕುಬಿಡುತ್ತಿದ್ದೆ, ಅಜ್ಜಿ ಮಾತ್ರ ಮುಖ ಗಂಟು ಹಾಕಿಕೊಳ್ಳುತ್ತಿದ್ದಳು. ನಾನು ಅವಳ ಪಕ್ಕ ಚಾಪೆಯ ಮೇಲೆ ಮಲಗಲು ಶುರುಮಾಡಿದಾಗ ತಾನೇ ಕೈಯಾರೆ ಹೊಲಿದಿದ್ದ ಒಂದು ಬೂರುಗದ ದಿಂಬನ್ನು ಕೊಟ್ಟಳು. ತಾನು ಮಲಗುತ್ತಿದ್ದುದು ಮರದ ಮಣೆಗೆ ತಲೆ ಕೊಟ್ಟು.

ನನಗೆ ಎಂಟು ತುಂಬುವ ಹೊತ್ತಿಗೆ ಆ ಕಡಿತ ಶುರುವಾಯಿತು. ಕಿವಿಯ ಹಿಂದೆ, ಕತ್ತಿನ ಮೇಲೆ, ನೆತ್ತಿಯಲ್ಲಿ. ಬೆಳಿಗ್ಗೆ ಎದ್ದರೆ ಉಗುರಿನ ಸಂದಿಯಲ್ಲಿ ರಕ್ತ. "ಅರಿಕ್ಕುದು ಅಜ್ಜಿ, ಅರಿಕ್ಕುದು," ಎಂದು ನಾನು ತಮಿಳಿನಲ್ಲಿ ಅಳುವುದು, "ಕಡಿಯತ್ತೆ ಅನ್ನೇ, ಬಾಯಲ್ಲಿ ಕನ್ನಡ ಇಲ್ವಾ?" ಎಂದು ಅವಳು ಗದರುತ್ತಲೇ ಬೆರಳಿನಿಂದ ನೀವುವುದು. ಹೇನೆಂದುಕೊಂಡು ಅಮ್ಮ ಬಿಳಿ ಪಂಚೆ ಹಾಸಿ ಸೀರಣಿಗೆಯಲ್ಲಿ ಬಾಚಿದಳು, ಒಂದೂ ಬೀಳಲಿಲ್ಲ. ಬೇವಿನೆಣ್ಣೆ ಹಚ್ಚಿದರು, ಸೀತಾಫಲದ ಬೀಜ ಅರೆದು ಬಳಿದರು, ಅದು ಕಣ್ಣಿಗಿಳಿದು ನಾನು ಬೀದಿಗೆ ಕೇಳುವ ಹಾಗೆ ಕಿರುಚಿದೆ. ಡಾಕ್ಟರ ಮುಲಾಮೂ ಮುಗಿಯಿತು. ಶಾಲೆಯಲ್ಲಿ ಟೀಚರ್ ನನ್ನನ್ನು ಕೊನೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದರು. ಕೊನೆಗೆ ಅಪ್ಪ, ತಿರುಪತಿಗೆ ಹೋಗಿ ಮಗುವಿನ ಮುಡಿ ಕೊಟ್ಟುಬಿಡೋಣ, ಹುಣ್ಣೂ ವಾಸಿಯಾಗುತ್ತದೆ, ಕೂದಲೂ ಒತ್ತಾಗಿ ಬರುತ್ತದೆ ಎಂದರು. ತಲೆ ಬೋಳಿಸಿದ ಹೆಣ್ಣು ಎಂದರೆ ನಾನು ಕಂಡದ್ದು ಅಜ್ಜಿಯೊಬ್ಬಳನ್ನೇ; ಒಮ್ಮೆ ಬೋಳಿಸಿದರೆ ಮುಗಿಯಿತು, ಮತ್ತೆ ಬೆಳೆಯಲು ಬಿಡುವುದಿಲ್ಲ ಎಂದೇ ನಾನು ತಿಳಿದಿದ್ದೆ. ನನಗಿಂತ ಹೆಚ್ಚು ಹೆದರಿದವಳು ಅಜ್ಜಿ. ದೇವರ ಕೆಲಸಕ್ಕೆ ಎಂದೂ ಅಡ್ಡ ಬಾರದವಳು ಅವತ್ತು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಕುಳಿತಳು. "ಆ ಮಗು ತಲೆಗೆ ಕತ್ತಿ ತೋರಿಸ್ಬೇಡ್ವೋ," ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಮಣಿಯಲಿಲ್ಲ. ಹೋಗುವ ದಿನವೂ ಗೊತ್ತಾಯಿತು.

ಅದಕ್ಕೆ ಮುಂಚೆ ಶಾಲೆಗೆ ರಜೆ ಬಂತು. ದೊಡ್ಡಮ್ಮ ನನ್ನನ್ನು ಅಡ್ಯಾರಿಗೆ ಕರೆದುಕೊಂಡು ಹೋದಳು. ಅಲ್ಲಿ ಕಡಿತ ದಿನದಿನಕ್ಕೆ ಕಡಿಮೆಯಾಗಿ, ಹುಣ್ಣಿನ ಮೇಲೆ ಹೊಸ ಚರ್ಮ ಬಂತು. ತಿರುಗಿ ಕೀಲ್ಪಾಕಿಗೆ ಬಂದ ಮರುದಿನವೇ ಮತ್ತೆ ಅದೇ ಕಥೆ. ಸುದ್ದಿ ಕೇಳಿ ದೊಡ್ಡಮ್ಮ ಬಸ್ಸು ಹತ್ತಿ ಬಂದವಳು ನನ್ನ ತಲೆಯನ್ನು ನೋಡಲೂ ಇಲ್ಲ. "ಮಗು ತಲೇಲಿ ಏನೂ ಇಲ್ಲ ಕಣೇ, ನಿಮ್ಮನೇಲಿದೆ," ಎಂದು ಅಮ್ಮನಿಗೆ ಹೇಳಿ, ಚಾಪೆ ಕೊಡವಿದಳು, ಹೊದಿಕೆ ಕೊಡವಿದಳು, ಕೊನೆಗೆ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ತಾರಸಿಗೆ ಹತ್ತಿದಳು. ತಾರಸಿಗೆ ತಮಿಳಿನವರು ಮೊಟ್ಟೆಮಾಡಿ ಎನ್ನುತ್ತಾರೆ. ಮೊಟ್ಟೆ ಎಂದರೆ ಬೋಳು. ಆ ದಿನಗಳಲ್ಲಿ ನನಗೆ ಆ ಮೆಟ್ಟಿಲು ಹತ್ತಲೂ ಭಯವಾಗುತ್ತಿತ್ತು. ಆದರೂ ಹಿಂದೆ ಹೋದೆ.

ದೊಡ್ಡಮ್ಮ ಬ್ಲೇಡಿನಿಂದ ಹೊಲಿಗೆ ಬಿಚ್ಚಿದಳು. ಮೊದಲು ಗಂಟುಗಂಟಾದ ಹತ್ತಿ ಬಂತು. ಅದರ ಮೇಲೆ ಅಕ್ಕಿನುಚ್ಚಿನಷ್ಟು ದಪ್ಪದ, ಮೈತುಂಬ ರೋಮವಿದ್ದ ಕಂದು ಹುಳುಗಳು ಬಿಸಿಲಿಗೆ ಹೊರಳಾಡತೊಡಗಿದವು. ಆಮೇಲೆ ಅವಳ ಕೈಗೆ ಬಟ್ಟೆಯಲ್ಲಿ ಸುತ್ತಿದ ಏನೋ ಸಿಕ್ಕಿತು. ಹಿಡಿದು ಎಳೆದಳು. ಬಟ್ಟೆ ಅಲ್ಲಲ್ಲೇ ಪುಡಿಯಾಗಿ, ಒಳಗಿನಿಂದ ಒಂದು ಹೆಣ್ಣಿನ ಜಡೆ ಈಚೆ ಬಂತು. ಎಳೆದಷ್ಟೂ ಬಂತು. ನನ್ನ ತೋಳಿನಷ್ಟು ದಪ್ಪ, ನನಗಿಂತ ಉದ್ದ, ಕಪ್ಪು ಮಾಸಿ ಕೆಂಚಾಗಿದ್ದ ಜಡೆ. ಎರಡು ತುದಿಗೂ ದಾರ ಕಟ್ಟಿತ್ತು, ಹುಳು ತಿಂದ ಕಡೆಯೆಲ್ಲ ಉದುರುತ್ತಿತ್ತು. ಅದರ ಮೇಲೆ ತಲೆಯಿಟ್ಟು ನಾನು ವರ್ಷಗಟ್ಟಲೆ ಮಲಗಿದ್ದೆ. ನನಗೆ ನಿಂತಲ್ಲೇ ವಾಂತಿಯಾಯಿತು. ನಮ್ಮ ಹಿಂದೆಯೇ ಹತ್ತಿ ಬಂದಿದ್ದ ಅಮ್ಮ ನನ್ನನ್ನು ಹಿಡಿದುಕೊಂಡಳು. ಯಾರೋ ಮಾಟ ಮಾಡಿಸಿದ್ದಾರೆ, ಕೈಯಲ್ಲಿ ಮುಟ್ಟಬೇಡ ಎಂದು ದೊಡ್ಡಮ್ಮ ಜಡೆಯನ್ನು ಎಸೆದು, ಕೆಳಗೆ ಓಡಿಹೋಗಿ ಸೀಮೆಎಣ್ಣೆಯ ಡಬ್ಬಿ, ಬೆಂಕಿಪೊಟ್ಟಣ ತಂದಳು.

ಆ ಗಲಾಟೆಗೆ, ಕೆಳಗೆ ಮಲಗಿದ್ದ ಅಜ್ಜಿ ಎಚ್ಚರಗೊಂಡಿರಬೇಕು. ಮಂಡಿನೋವಿನವಳು, ಆ ಮನೆಗೆ ಬಂದಾಗಿನಿಂದ ಒಮ್ಮೆಯೂ ತಾರಸಿ ಹತ್ತದವಳು, ಮೆಟ್ಟಿಲ ಮೇಲೆ ಕೈಯೂರುತ್ತ ಮೇಲೆ ಬಂದಳು. ತಲೆಯ ಸೆರಗು ಜಾರಿಹೋಗಿತ್ತು. ಬಿಸಿಲಿನಲ್ಲಿ ಆ ನುಣ್ಣನೆಯ ತಲೆಯನ್ನು ನಾನು ಮೊದಲ ಸಲ ಪೂರ್ತಿಯಾಗಿ ನೋಡಿದೆ.

"ಸುಡಬೇಡ್ರೇ," ಎಂದಳು. "ಅದು ನಂದು."

ಕೂದಲೆಳೆಯೊಂದಕ್ಕೆ ಎಲೆ ಎತ್ತುತ್ತಿದ್ದ ಅಜ್ಜಿ, ನೆಲಕ್ಕೆ ಕುಳಿತು ಅಷ್ಟೂ ಕೂದಲನ್ನು ಹುಳುವಿನ ಸಮೇತ ಮಡಿಲಿಗೆ ಎಳೆದುಕೊಂಡಳು. ದೊಡ್ಡಮ್ಮ ಡಬ್ಬಿಯನ್ನು ಕೆಳಗಿಟ್ಟಳು. ಆವತ್ತಿನ ಆಘಾತ ನನಗೆ ಇವತ್ತಿಗೂ ಇಳಿದಿಲ್ಲ. ಹುಳುವಿನದಲ್ಲ ಅದು. ಅಜ್ಜಿಗೂ ಒಂದು ಕಾಲದಲ್ಲಿ ಕೂದಲಿತ್ತು ಎಂಬುದು ಆ ಗಳಿಗೆಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಸಂಜೆ ಅಪ್ಪ ಆಫೀಸಿನಿಂದ ಬಂದಾಗ ಜಡೆ ಹಿತ್ತಲ ಮೆಟ್ಟಿಲ ಮೇಲೆ ಒಂದು ಪೇಪರಿನಲ್ಲಿತ್ತು. ಅಮ್ಮ ನಡೆದದ್ದನ್ನೆಲ್ಲ ಹೇಳಿದಳು. ಅಪ್ಪ ಬೂಟು ಬಿಚ್ಚದೆ ಅದರ ಮುಂದೆ ಕುಕ್ಕರಿಸಿ ಕುಳಿತರು. ತಾಯಿಯ ಕೂದಲನ್ನು ಅವರು ಬುದ್ಧಿ ಬಂದಾಗಿನಿಂದ ನೋಡಿರಲಿಲ್ಲ, ಒಂದು ಫೋಟೋ ಕೂಡ ಇರಲಿಲ್ಲ. "ಇಷ್ಟಿತ್ತಾ ಅಮ್ಮಾ?" ಎಂದಷ್ಟೇ ಕೇಳಿದರು. ಅಜ್ಜಿ ಅವರನ್ನು ನೋಡದೆ ಹೇಳಿದಳು: "ಹೊಳೆಗೆ ಬಿಟ್ಟು ಬಾ ಅಂತ ನನ್ನ ಕೈಗೇ ಕೊಟ್ರು. ಬಿಡಕ್ಕಾಗ್ಲಿಲ್ಲ ಕಣೋ." ಊರಿನಲ್ಲಿದ್ದಷ್ಟು ಕಾಲ ಪೆಟ್ಟಿಗೆಯ ತಳದಲ್ಲಿತ್ತಂತೆ. ಮದ್ರಾಸಿನ ಎರಡು ಕೋಣೆಯ ಪೋರ್ಷನ್ನಿನಲ್ಲಿ ಬಚ್ಚಿಡಲು ಜಾಗವಿಲ್ಲದೆ ದಿಂಬಿಗೆ ಹೊಲಿದಿದ್ದಳು. ಅದನ್ನು ನನಗೇಕೆ ಕೊಟ್ಟಳೆಂದು ಯಾರೂ ಕೇಳಲಿಲ್ಲ. ಅವಳೇ ನನ್ನ ಕಡೆ ತಿರುಗಿದಳು. "ನಿನ್ನ ತಲೆ ಹತ್ರ ಇದ್ರೆ ನಿಂಗೂ ಹಾಗೇ ಬೆಳೆಯತ್ತೆ ಅಂದ್ಕೊಂಡೆ ಮಗು," ಎಂದಳು.

ತಿರುಪತಿಯ ಪ್ರಯಾಣ ನಿಂತಿತು. ಹೊಸ ದಿಂಬು ಬಂತು, ನನ್ನ ತಲೆ ವಾಸಿಯಾಯಿತು. ಮುಂದಿನ ಭಾನುವಾರ ಎಲ್ಲರೂ ಅಡ್ಯಾರಿನ ಕಡೆಯ ಸಮುದ್ರಕ್ಕೆ ಹೋದೆವು. ಅಜ್ಜಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಅಂದು ಬಿಡಲಾಗದ್ದನ್ನು ಬಿಟ್ಟಳು. ಅಲೆ ಅದನ್ನು ಒಮ್ಮೆ ಅವಳ ಕಾಲಿಗೇ ತಂದು ಸುತ್ತಿತು. ಅಪ್ಪ ಬಾಗಿ ಬಿಡಿಸಿ ದೂರಕ್ಕೆ ಎಸೆದರು. ಮರುದಿನ ಅವರು ಕ್ಷೌರದವನಿಗೆ ಇನ್ನು ಬರಬೇಡವೆಂದು ಹೇಳಿಬಿಟ್ಟರು. ಅಜ್ಜಿ ಬೇಡವೆನ್ನಲಿಲ್ಲ. ಕೆಲವು ವಾರಗಳಲ್ಲಿ ಅವಳ ತಲೆಯ ಮೇಲೆ ಬೆಳ್ಳಗೆ ಗರಿಕೆಯಷ್ಟು ಕೂದಲು ಬಂತು. ಮಧ್ಯಾಹ್ನ ನಾನು ಅದನ್ನು ಅಂಗೈಯಿಂದ ಸವರಿ ನಗುತ್ತಿದ್ದೆ, ಅವಳೂ ನಗುತ್ತಿದ್ದಳು. ಅಮ್ಮ ಅವಳಿಗೆಂದೇ ಒಂದು ಸಣ್ಣ ಬಾಚಣಿಗೆ ತಂದಿಟ್ಟಳು. ಆದರೆ ಮಾತಿನ ನಡುವೆ ಅಜ್ಜಿಯ ಕೈ ಮತ್ತೆ ಮತ್ತೆ ಸೆರಗಿನೊಳಕ್ಕೆ ಹೋಗುತ್ತಿದ್ದುದನ್ನು ನಾವು ಯಾರೂ ಗಮನಿಸಿರಲಿಲ್ಲ.

ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಅವಳು ಹಿತ್ತಲ ಗೇಟು ಹಿಡಿದು ನಿಂತಿದ್ದಳು. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ಕ್ಷೌರದವನನ್ನು ಚಪ್ಪಾಳೆ ತಟ್ಟಿ ಕರೆದಿದ್ದಳು. ಅವನು ಪೆಟ್ಟಿಗೆ ಹಿಡಿದು, ಒಳಗೆ ಬರುವುದೋ ಬೇಡವೋ ಎಂದು ತಿಳಿಯದೆ ನಿಂತಿದ್ದ. ಅಜ್ಜಿ ಸೆರಗು ಸರಿಸಿ ತಲೆ ಮುಟ್ಟಿ ತೋರಿಸಿದಳು. ಅವನಿಗೆ ಅರ್ಥವಾಗಲಿಲ್ಲ. ಆಗ ಅವಳು, ನಾನು ಅವಳ ತೊಡೆಯ ಮೇಲೆ ಅತ್ತು ಅತ್ತು ಕಲಿಸಿದ್ದ ಆ ಒಂದು ಮಾತನ್ನು, ತನ್ನ ಜನ್ಮದಲ್ಲಿ ಆಡಿದ ಒಂದೇ ಒಂದು ತಮಿಳು ಮಾತನ್ನು, ಮೆಲ್ಲಗೆ ಹೇಳಿದಳು.

"ಅರಿಕ್ಕುದಪ್ಪಾ."