ಗುರುವಿಗೆ ಅಡ್ಡ ಬಂದ ಕರಿಗಲ್ಲು

ಜಾಣತನ ತೋರಿಸಲು ಹೋಗಿ ಮನೆಯ ಹುಡುಗಿಯ ಸಂಬಂಧಕ್ಕೇ ಕಲ್ಲು ಹಾಕಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇದ್ದರೆ ನನ್ನ ಪಕ್ಕ ಬಂದು ಕುಳಿತುಕೊಳ್ಳಿ. ಜಾಗ ಇದೆ.

ಹೋದ ಸೋಮವಾರ ತಿಕೋಟಾಕ್ಕೆ ಹೋಗಿದ್ದೆ. ಅಲ್ಲಿ ನಮ್ಮ ಅಣ್ಣನ ಮನೆ. ಅವನ ಮಗಳು ಶಾಂತಾಳನ್ನು ನೋಡಲು ಬಬಲೇಶ್ವರದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ, ಅವನ ತಾಯಿ, ಜೊತೆಗೊಬ್ಬ ಶಾಸ್ತ್ರಿಗಳು. ಹುಡುಗನಿಗೂ ಹುಡುಗಿಗೂ ಒಪ್ಪಿಗೆ. (ರೇಶನ್ ಸಕ್ಕರೆ ಉಳಿಸಿ ಮಾಡಿದ ಚಹಾ ಹುಡುಗನ ಕೈಯಲ್ಲೇ ಆರಿತು. ಇನ್ನೇನು ಪುರಾವೆ ಬೇಕು?)

ಶಾಸ್ತ್ರಿಗಳು ಮಾತ್ರ ಶಾಂತಾಳ ಕುಂಡಲಿ ಹಿಡಿದು ತಲೆ ಅಲ್ಲಾಡಿಸಿದರು.

"ಮಂಗಳ ಏಳನೇ ಮನ್ಯಾಗ ಕುಂತಾನ್ರಿ, ಗಂಡಗ ಕುತ್ತು. ಗುರುವಿನ ದೃಷ್ಟಿ ಬಿದ್ದಿದ್ರ ದೋಷ ಹೋಗತಿತ್ತು. ಯಾಕೋ ಬೀಳವಲ್ದು."

ನನಗೆ ತಡೆಯಲಾಗಲಿಲ್ಲ. ವಿಜಾಪುರದ ವಾಚನಾಲಯದಲ್ಲಿ ಒಂದು ಇಂಗ್ಲಿಷ್ ಮ್ಯಾಗಝಿನ್ ಓದಿಕೊಂಡು ಬಂದಿದ್ದೆ. ಜ್ಞಾನ ಇನ್ನೂ ಬಿಸಿಬಿಸಿ ಇತ್ತು.

"ಶಾಸ್ತ್ರಿಗಳ, ಮಂಗಳಕ್ಕೂ ಗುರುವಿಗೂ ನಡುವ ರಗಡ ಸಣ್ಣ ಗ್ರಹ ಅದಾವ್ರಿ. ಅದರಾಗ ಒಂದಂತೂ ಇದ್ದಲಿ ಹಂಗ ಕರ್ರಗ ಇರಬೇಕಂತ. ಬಿದ್ದ ಬಿಸಿಲೆಲ್ಲಾ ನುಂಗತೈತಿ. ದೊಡ್ಡ ದುರ್ಬೀನಿಗೂ ಕಷ್ಟಪಟ್ಟು ಕಾಣತೈತಿ. ನಿಮ್ಮ ಪಂಚಾಂಗದಾಗ ಐತೇನ್ರಿ ಅದು?"

ಶಾಸ್ತ್ರಿಗಳು ಸೋತರು ಅಂದುಕೊಂಡೆ. ಅವರ ಮುಖ ಅರಳಿತು!

"ಅದಕ್ಕ ನೋಡ್ರಿ! ಗುರುವಿನ ದೃಷ್ಟಿಗೆ ಆ ಕರೀ ಕಲ್ಲು ಅಡ್ಡ ಬಂದೈತಿ."

ಇದ್ದದ್ದು ಒಂದು ದೋಷ. ನಾನು ಎರಡು ಮಾಡಿಕೊಟ್ಟೆ. ಅಣ್ಣ ನನ್ನ ಕಡೆ ಬೀರಿದ ದೃಷ್ಟಿಗೆ ಮಾತ್ರ ಯಾವ ಕಲ್ಲೂ ಅಡ್ಡ ಬರಲಿಲ್ಲ.

ಹುಡುಗನ ತಾಯಿ ಎದ್ದು ನಿಂತರು. "ಬ್ಯಾಡ್ರಿ. ನಮ್ಮ ಹಿರೀ ಮಗ ಲಗ್ನಾಗಿ ವರ್ಷ ತುಂಬೂದ್ರಾಗ ಹ್ವಾದ. ಈಗ ಇಂವಾ ಒಬ್ಬನ ಉಳದಾನ."

ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ?

ಅಷ್ಟೊತ್ತು ತಲೆ ತಗ್ಗಿಸಿ ಕುಳಿತಿದ್ದ ಶಾಂತಾ ಮೆಲ್ಲಗೆ ಕೇಳಿದಳು: "ಅವ್ವಾರ, ನಿಮ್ಮ ಹಿರೀ ಮಗನ ಲಗ್ನಕ್ಕ ಕುಂಡಲಿ ನೋಡಿಸಿದ್ರೇನ್ರಿ?"

"ನೋಡಿಸಿದ್ವಿ ಯವ್ವಾ. ಈ ಶಾಸ್ತ್ರಿಗಳ ನೋಡಿದ್ರು. ಎಲ್ಲಾ ಕೂಡಿತ್ತು."

ಶಾಸ್ತ್ರಿಗಳು ಕನ್ನಡಕ ತೆಗೆದು ಒರೆಸತೊಡಗಿದರು. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಶಾಂತಾಳ ಗಲ್ಲ ಮುಟ್ಟಿ, ಹೋಗಿ ಗಾಡಿ ಹತ್ತಿದರು.

ಇದನ್ನು ಬರೆಯುವವರೆಗೂ ಅವರಿಂದ ಉತ್ತರ ಬಂದಿಲ್ಲ. ಊರಲ್ಲಿ ಸುದ್ದಿ ಮಾತ್ರ ಹಬ್ಬಿದೆ. ಹುಡುಗಿ ಬಾಯಾಳಿಯಂತೆ, ಗಂಡಿನ ಕಡೆಯವರ ಎದುರೇ ಮಾತಾಡಿದಳಂತೆ! (ಕೇಳಿದ್ದು ಒಂದೇ ಪ್ರಶ್ನೆ. ಅದೂ ನನಗೆ ಹೊಳೆಯದ ಪ್ರಶ್ನೆ.)

ಮಗನನ್ನು ಕಳೆದುಕೊಂಡ ಆ ತಾಯಿಯ ಭಯ ಸುಳ್ಳಲ್ಲ. ನಾಳೆ ಬೇಡ ಎಂದರೂ ನಾನು ಆಕೆಯನ್ನು ಬೈಯಲಾರೆ. ಆದರೆ ಆ ಮನೆಯ ಹೊಸ್ತಿಲನ್ನೇ ಇನ್ನೂ ತುಳಿಯದ ಹುಡುಗಿ, ಅಲ್ಲಿ ಎಂದೋ ಆದ ಸಾವಿಗೆ ಯಾಕೆ ದಂಡ ಕಟ್ಟಬೇಕು?